ಬಣ್ಣದ ಲೆಕ್ಕ ಪೈಪ್ ಕತ್ತರಿಸುವ ಮುಂಚೆಯೇ ಆಗಲಿ

ಸಂಪಾದಕರಿಗೆ,

ಮಾನ್ಯರೇ,

ಮನೆಯಲ್ಲೇ ವೆಲ್ಡಿಂಗ್ ಕಲಿತು, ಕಾರಿನ ಹಿಂದೆ ಕಟ್ಟುವ ಟ್ರೇಲರನ್ನು ತಾವೇ ಮಾಡಿಕೊಂಡವರ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಬರಹ ಬರುತ್ತದೆ. ನಾನು ಒಂದನ್ನೂ ಬಿಡದೆ ಓದುತ್ತೇನೆ. ಆದರೆ ಎಲ್ಲ ಬರಹವೂ ಒಂದೇ ಕಡೆ ಮುಗಿಯುತ್ತದೆ. ಹೊಳೆಯುವ ಟ್ರೇಲರ್, ಪಕ್ಕದಲ್ಲಿ ಮಾಡಿದವರ ನಗುಮುಖ. ಆ ಹೊಳಪಿನ ಅಡಿಯಲ್ಲಿ ಏನಿದೆ, ಯಾಕೆ ಅದೇ ಪೇಂಟ್ ಆರಿಸಿದರು ಅನ್ನುವುದಕ್ಕೆ ಒಂದೇ ಸಾಲು ಇರುತ್ತದೆ: ಕೊನೆಗೆ ಪ್ರೈಮರ್, ಪೇಂಟ್ ಹೊಡೆದರೆ ಆಯಿತು. ಈ 'ಕೊನೆಗೆ' ಅನ್ನುವ ಮಾತಿನ ಮೇಲೆಯೇ ನನ್ನ ತಕರಾರು.

ನಾನು ಲೆಕ್ಕಪತ್ರ ನೋಡುವ ಕೆಲಸದವಳು. ವೆಲ್ಡಿಂಗ್ ಕಲಿಸಿದ್ದು ನನ್ನ ತಮ್ಮ. ಅವನಿಗೆ ಅದೇ ಉದ್ಯೋಗ. ಗಿಡ, ಮಣ್ಣಿನ ಚೀಲ, ನೀರಿನ ಡ್ರಮ್ ಸಾಗಿಸಲು ಇಬ್ಬರೂ ಸೇರಿ ಒಂದು ಎರಡು ಚಕ್ರದ ಟ್ರೇಲರ್ ಮಾಡಿದೆವು. 8 ಅಡಿ ಉದ್ದ, 4 ಅಡಿ ಅಗಲ. 50ಕ್ಕೆ 50 ಮಿ.ಮೀ.ನ ಬಾಕ್ಸ್ ಪೈಪ್, 3 ಮಿ.ಮೀ. ದಪ್ಪ. ವೆಲ್ಡಿಂಗ್ ಗಟ್ಟಿಯಾಗಿತ್ತು, ಮೂಲೆಗಳು ಮೂಲೆಮಟ್ಟಕ್ಕೆ ಸರಿಯಾಗಿದ್ದವು, ಆಕ್ಸಲ್ ನೇರ ಕೂತಿತ್ತು. ಅಷ್ಟಾದ ಮೇಲೆ ಬಟ್ಟೆಯಲ್ಲಿ ಧೂಳು ಒರೆಸಿ, ಒಂದು ಕೋಟ್ ರೆಡ್ ಆಕ್ಸೈಡ್ ಪ್ರೈಮರ್, ಅದರ ಮೇಲೆ ಎರಡು ಕೋಟ್ ಎನಾಮಲ್ ಹೊಡೆದೆವು. ನೋಡಲು ಬಹಳ ಚೆನ್ನಾಗಿತ್ತು.

ಎರಡು ಮಳೆಗಾಲ ಕಳೆಯಿತು. ಒಂದು ದಿನ ಟ್ರೇಲರ್ ತೊಳೆಯುವಾಗ ಮುಂದಿನ ಅಡ್ಡಪಟ್ಟಿಯ ಅಡಿಯಲ್ಲಿ ಕೈಗೆ ಗುಳ್ಳೆ ಸಿಕ್ಕಿತು. ಹೆಬ್ಬೆರಳಿನಲ್ಲಿ ಒತ್ತಿದೆ, ಪಟ್ ಅಂತ ಒಡೆದು ಕಂದು ನೀರು ಇಳಿಯಿತು. ಸ್ಕ್ರೂಡ್ರೈವರ್ ತುದಿ ಹಾಕಿ ಎಬ್ಬಿದರೆ ಅಂಗೈ ಅಗಲದ ಪೇಂಟ್ ಒಂದೇ ಹಾಳೆಯಾಗಿ ಎದ್ದು ಬಂತು. ತಮ್ಮ ಅದನ್ನು ತಿರುಗಿಸಿ ಬಿಸಿಲಿಗೆ ಹಿಡಿದ. "ಅಕ್ಕಾ, ಇದರ ಬೆನ್ನು ನೋಡು" ಅಂದ. ನುಣುಪಾದ, ನೀಲಿ ಕಪ್ಪು ಬಣ್ಣದ ತೆಳು ಪದರವೊಂದು ಪೇಂಟಿಗೆ ಬಿಗಿಯಾಗಿ ಅಂಟಿಕೊಂಡಿತ್ತು. ಉಗುರಿನಲ್ಲಿ ಕೆರೆದರೂ ಬಿಡಲಿಲ್ಲ. ಅಂದರೆ ಪೇಂಟ್ ತನ್ನ ಕೆಲಸ ಮಾಡಿತ್ತು, ಅದು ಹಿಡಿದಿದ್ದನ್ನು ಬಿಟ್ಟಿರಲಿಲ್ಲ. ಆದರೆ ಹಿಡಿದಿದ್ದು ಉಕ್ಕನ್ನಲ್ಲ.

ಆ ನೀಲಿ ಪದರಕ್ಕೆ ಮಿಲ್ ಸ್ಕೇಲ್ ಅನ್ನುತ್ತಾರೆ. ಕಾರ್ಖಾನೆಯಲ್ಲಿ ಉಕ್ಕನ್ನು ಕೆಂಪಗೆ ಕಾಯಿಸಿ ರೋಲ್ ಮಾಡುವಾಗ ಮೇಲ್ಮೈಯಲ್ಲಿ ಹುಟ್ಟುವ ಆಕ್ಸೈಡ್ ಅದು. ಹೊಸ ಪೈಪ್ ತಂದಾಗ ಗಟ್ಟಿಯಾಗಿ, ಚೊಕ್ಕವಾಗಿ ಕಾಣುತ್ತದೆ. ಪೇಂಟ್ ಹೊಡೆಯಲು ಇದಕ್ಕಿಂತ ಒಳ್ಳೆಯ ಮೈ ಬೇಕಾ ಅನ್ನಿಸುತ್ತದೆ. ಆದರೆ ಉಕ್ಕು ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುವಾಗ, ಟ್ರೇಲರ್ ಗುಂಡಿಗೆ ಬಿದ್ದು ಫ್ರೇಮ್ ಬಾಗುವಾಗ, ಈ ಪದರ ಜೊತೆಗೆ ಬಾಗುವುದಿಲ್ಲ. ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ನೀರು ಇಳಿದರೆ ಸ್ಕೇಲ್ ಮತ್ತು ಉಕ್ಕು ಸೇರಿ ಒಂದು ಪುಟ್ಟ ಬ್ಯಾಟರಿಯ ಹಾಗೆ ಕೆಲಸ ಶುರು ಮಾಡುತ್ತವೆ. ಅದರಲ್ಲಿ ತಿಂದುಹೋಗುವುದು ಉಕ್ಕು. ಹುಟ್ಟಿದ ತುಕ್ಕಿಗೆ ಮೂಲ ಉಕ್ಕಿಗಿಂತ ಹೆಚ್ಚು ಜಾಗ ಬೇಕು. ಹಾಗಾಗಿ ಮೇಲಿನ ಪದರವನ್ನು ಅದೇ ತಳ್ಳಿ ಎಬ್ಬಿಸುತ್ತದೆ. ನಮ್ಮ ಟ್ರೇಲರಿನಲ್ಲಿ ಆದದ್ದು ಇಷ್ಟೇ.

ಆ ಹಾಳೆಯನ್ನು ಒಂದು ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ. ಟ್ರೇಲರ್ ಮಾಡುತ್ತೇವೆ, ಯಾವ ಪೇಂಟ್ ಒಳ್ಳೆಯದು ಅಂತ ಕೇಳಿಕೊಂಡು ಬಂದವರಿಗೆ ಮೊದಲು ಅದನ್ನೇ ತೋರಿಸುತ್ತೇನೆ.

ರೆಡ್ ಆಕ್ಸೈಡ್ ಬಗ್ಗೆ ಒಂದು ಮಾತು. ಕಿಟಕಿ ಗ್ರಿಲ್ಲಿಗೆ, ಮನೆಯೊಳಗಿನ ಕಬ್ಬಿಣಕ್ಕೆ ಅದು ಸಾಕು. ಆದರೆ ಕಲ್ಲು ಸಿಡಿಯುವ, ಕೆಸರು ಎರಚುವ ಜಾಗಕ್ಕೆ ಅದೊಂದೇ ಸಾಲದು. ಅದು ನೀರನ್ನು ತಡೆಯುವ ಪದರವಲ್ಲ, ಮೇಲಿನ ಪೇಂಟ್ ಹಿಡಿದುಕೊಳ್ಳಲು ಇರುವ ಪದರ. ಎಷ್ಟೋ ಜನ ಪೈಪಿಗೆ ರೆಡ್ ಆಕ್ಸೈಡ್ ಹೊಡೆದು, ಎನಾಮಲ್ ಆಮೇಲೆ ನೋಡೋಣ ಅಂತ ತಿಂಗಳುಗಟ್ಟಲೆ ಮಳೆಯಲ್ಲಿ ಬಿಡುತ್ತಾರೆ. ಅಷ್ಟರಲ್ಲಿ ಅಡಿಯಲ್ಲಿ ತುಕ್ಕು ಕೂತಾಗಿರುತ್ತದೆ. ಕೆಂಪಿನ ಮೇಲೆ ಕೆಂಪು, ಕಣ್ಣಿಗೆ ಗೊತ್ತಾಗುವುದೇ ಇಲ್ಲ.

ಹಾಗಾದರೆ ಯಾವುದು ಬಾಳುತ್ತದೆ? ನನ್ನ ಮಟ್ಟಿಗೆ ಟ್ರೇಲರ್ ಫ್ರೇಮಿಗೆ ಹಾಟ್ ಡಿಪ್ ಗ್ಯಾಲ್ವನೈಸಿಂಗ್‌ಗೆ ಸಮನಾದದ್ದು ಇಲ್ಲ. ಇಡೀ ಫ್ರೇಮನ್ನು ಕರಗಿದ ಸತುವಿನ ತೊಟ್ಟಿಯಲ್ಲಿ ಮುಳುಗಿಸಿ ತೆಗೆಯುವ ಕೆಲಸ ಅದು. ಫ್ರಾನ್ಸಿನ ಸೋರೆಲ್ ಎಂಬ ಇಂಜಿನಿಯರ್ 1837ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಅಷ್ಟು ಹಳೆಯ ವಿದ್ಯೆ, ಇವತ್ತಿಗೂ ನಡೆಯುತ್ತಿದೆ. ಮೊದಲು ಎಣ್ಣೆ ಜಿಡ್ಡು ತೆಗೆದು, ಆಮ್ಲದಲ್ಲಿ ಅದ್ದಿ ತುಕ್ಕು ಮತ್ತು ಮಿಲ್ ಸ್ಕೇಲ್ ಕರಗಿಸಿ, ಸತು ಚೆನ್ನಾಗಿ ಹಿಡಿಯಲು ಫ್ಲಕ್ಸ್ ಎಂಬ ಲವಣದ ದ್ರಾವಣದಲ್ಲಿ ಅದ್ದಿ, ಆಮೇಲೆ ಸುಮಾರು 450 ಡಿಗ್ರಿ ಸೆಲ್ಸಿಯಸ್‌ನ ಸತುವಿಗೆ ಇಳಿಸುತ್ತಾರೆ. ಸತು ಬರೀ ಮೇಲೆ ಕೂರುವುದಿಲ್ಲ, ಉಕ್ಕಿನ ಜೊತೆ ಬೆರೆತು ಮಿಶ್ರಲೋಹದ ಪದರಗಳಾಗುತ್ತದೆ. ಪೇಂಟಿನ ಹಾಗೆ ಹಾಳೆಯಾಗಿ ಏಳುವ ಮಾತೇ ಇಲ್ಲ.

ಇನ್ನೊಂದು ಗುಣ ಇದೆ. ಕಲ್ಲು ತಾಗಿ ಗೀರಾದರೂ ಸುತ್ತಲಿನ ಸತು ತಾನು ಸವೆದು ಅಲ್ಲಿನ ಉಕ್ಕನ್ನು ಕಾಯುತ್ತದೆ. ಒಂದು ಲೋಹ ತಾನು ಕರಗಿ ಇನ್ನೊಂದನ್ನು ಉಳಿಸುತ್ತದೆ ಎಂಬುದನ್ನು ಹಂಫ್ರಿ ಡೇವಿ 1824ರಲ್ಲೇ ತೋರಿಸಿದ್ದ. ಹಡಗಿನ ತಳಕ್ಕೆ ಹೊದಿಸಿದ ತಾಮ್ರವನ್ನು ಉಳಿಸಲು ಅವನು ಸತು, ಕಬ್ಬಿಣದ ತುಂಡುಗಳನ್ನು ಕೂರಿಸಿದ್ದ. ನಮ್ಮ ಟ್ರೇಲರಿನಲ್ಲೂ ಅದೇ ಕೆಲಸ ನಡೆಯುತ್ತದೆ. 3 ಮಿ.ಮೀ. ದಪ್ಪದ ಪೈಪಿಗೆ ಸರಾಸರಿ 55 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಆದರೂ ಸತು ಕೂತಿರಬೇಕು, 3ಕ್ಕಿಂತ ಜಾಸ್ತಿ 6ರವರೆಗೆ 70 ಮೈಕ್ರಾನ್ ಅಂತ ಐಎಸ್‌ಒ 1461 ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ಮಧ್ಯಮ ವಾತಾವರಣದಲ್ಲಿ ವರ್ಷಕ್ಕೆ ಒಂದೆರಡು ಮೈಕ್ರಾನ್ ಸವೆಯುತ್ತದೆ ಅಂದುಕೊಂಡರೂ ಎಷ್ಟು ವರ್ಷ ಆಗುತ್ತದೆ ಅಂತ ನೀವೇ ಭಾಗಿಸಿ ನೋಡಿ. ಸಮುದ್ರದ ಹತ್ತಿರ, ಉಪ್ಪು ನೀರಿಗೆ ದೋಣಿ ಇಳಿಸುವ ಕೆಲಸಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಸತು ಬೇಗ ಸವೆಯುತ್ತದೆ, ಪ್ರತಿ ಸಲವೂ ಸಿಹಿನೀರಿನಲ್ಲಿ ತೊಳೆಯಲೇಬೇಕು.

ಎಲ್ಲಕ್ಕಿಂತ ದೊಡ್ಡ ಲಾಭ ಪೈಪಿನ ಒಳಗಡೆ. ಯಾವ ಬ್ರಷ್ಷೂ, ಯಾವ ಸ್ಪ್ರೇ ಗನ್ನೂ 8 ಅಡಿ ಪೈಪಿನ ಹೊಟ್ಟೆಗೆ ಸರಿಯಾಗಿ ತಲುಪುವುದಿಲ್ಲ. ಸತು ದ್ರವವಾದ್ದರಿಂದ ಒಳಗೂ ಹರಿಯುತ್ತದೆ.

ನಮ್ಮ ಹಳೆಯ ಫ್ರೇಮನ್ನೂ ಪೇಂಟ್ ಕಿತ್ತು ಗ್ಯಾಲ್ವನೈಸ್ ಮಾಡಿಸಿಬಿಡೋಣ ಅಂತ ನಾನು ಹೇಳಿದೆ. ತಮ್ಮ ಟಾರ್ಚ್ ಹಿಡಿದು ಅಡಿಗೆ ತೂರಿ, ಸುಮಾರು ಹೊತ್ತು ನೋಡಿ, ಹೊರಗೆ ಬಂದು "ಆಗಲ್ಲ" ಅಂದ. ಯಾಕೆ ಅಂದರೆ ನಾವು ಎಲ್ಲ ಪೈಪಿನ ಬಾಯಿಯನ್ನೂ ಮುಚ್ಚಿ ವೆಲ್ಡ್ ಮಾಡಿದ್ದೆವು, ಅಂದಕ್ಕೆ. ಗಾಳಿ ಹೋಗಲು ದಾರಿಯಿಲ್ಲದ ಪೈಪನ್ನು 450 ಡಿಗ್ರಿಯ ಸತುವಿಗೆ ಇಳಿಸಿದರೆ ಅದು ಬಾಂಬ್ ಆಗಬಹುದು. ಒಳಗೆ ಸೇರಿಕೊಂಡ ನೀರು ಆವಿಯಾದರೆ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಪೈಪ್ ಒಡೆದು ಕರಗಿದ ಲೋಹ ಅಲ್ಲಿ ಕೆಲಸ ಮಾಡುವವರ ಮೈಮೇಲೆ ಹಾರುತ್ತದೆ. ಅದಕ್ಕೇ ಗಾಳಿ ಹೋಗುವ ತೂತು, ಸತು ಇಳಿದುಹೋಗುವ ತೂತು ಇಲ್ಲದ ಫ್ರೇಮನ್ನು ಅವರು ತೊಟ್ಟಿಗೆ ಇಳಿಸುವಂತೆಯೇ ಇಲ್ಲ.

ಆಮೇಲೆ ತೂತು ಕೊರೆಯಬಹುದಿತ್ತು, ಅಲ್ವಾ? ಕೆಲವು ಕಡೆ ಆಗುತ್ತಿತ್ತು. ಆದರೆ ಕಾರಿಗೆ ಕೊಂಡಿ ಹಾಕುವ ಡ್ರಾಬಾರ್ ಬುಡದಲ್ಲಿ, ಸ್ಪ್ರಿಂಗ್ ಹಿಡಿದಿಡುವ ಹ್ಯಾಂಗರ್ ಪಕ್ಕದಲ್ಲಿ, ಅಂದರೆ ಭಾರವೆಲ್ಲ ಬೀಳುವ ಜಾಗಗಳಲ್ಲೇ ಕೊರೆಯಬೇಕಾಗಿತ್ತು. ಜೊತೆಗೆ ಒಂದರ ಮೇಲೊಂದು ಪ್ಲೇಟ್ ಇಟ್ಟು ಸುತ್ತ ವೆಲ್ಡ್ ಮಾಡಿದ್ದೆವು, ಅವುಗಳ ನಡುವೆಯೂ ಗಾಳಿ ಸಿಕ್ಕಿಬಿದ್ದಿತ್ತು. ಇದೆಲ್ಲ ಕಾಗದದ ಮೇಲೆ ಚಿತ್ರ ಬರೆಯುವಾಗ ಎರಡು ನಿಮಿಷದ ಕೆಲಸ. ವೆಲ್ಡ್ ಆದ ಮೇಲೆ ಆಗದ ಕೆಲಸ. ಇದನ್ನು ಹೇಳಲೆಂದೇ ನಾನು ಪೆನ್ನು ಹಿಡಿದದ್ದು. ಯಾವ ಲೇಪನ ಅನ್ನುವುದು ಮೊದಲು ತೀರ್ಮಾನವಾಗಬೇಕು. ಪೈಪ್ ಎಲ್ಲಿ ಕತ್ತರಿಸಬೇಕು, ಎಲ್ಲಿ ತೂತು, ಎಲ್ಲಿ ಪೂರ್ತಿ ವೆಲ್ಡ್ ಅನ್ನುವುದೆಲ್ಲ ಅದರ ಹಿಂದೆ ಬರುತ್ತದೆ.

ಗ್ಯಾಲ್ವನೈಸ್ ಮಾಡಿಸುವ ಮನಸ್ಸಿದ್ದರೆ ತೊಟ್ಟಿಯ ಅಳತೆಯನ್ನು ಮುಂಚೆಯೇ ಕೇಳಿ, ತೂತು ಎಷ್ಟು ದೊಡ್ಡದಿರಬೇಕು, ಎಲ್ಲೆಲ್ಲಿ ಬೇಕು ಅಂತಲೂ ಅವರನ್ನೇ ಕೇಳಿ. ವೆಲ್ಡಿನ ಮೇಲೆ ಕೂರುವ ಗಾಜಿನಂಥ ಸ್ಲ್ಯಾಗ್ ಒಂದು ಚೂರೂ ಉಳಿಯಬಾರದು, ಆಮ್ಲ ಅದನ್ನು ಕರಗಿಸುವುದಿಲ್ಲ. ಅಳತೆಗೆ ಅಂತ ಪೇಂಟ್ ಮಾರ್ಕರಿನಲ್ಲಿ ಗೀಟು ಹಾಕಿದ್ದರೆ ಆ ಗೀಟಿನ ಮೇಲೂ ಸತು ಹಿಡಿಯುವುದಿಲ್ಲ. ತೆಳು ತಗಡು ಮತ್ತು ದಪ್ಪ ಪೈಪ್ ಸೇರಿಸಿ ವೆಲ್ಡ್ ಮಾಡಿದ ಫ್ರೇಮ್ ಬಿಸಿಗೆ ಸೊಟ್ಟಗಾಗಬಹುದು. ನಟ್ ವೆಲ್ಡ್ ಮಾಡಿದ್ದರೆ ಅದರ ಮರೆಯಲ್ಲಿ ಸತು ತುಂಬಿಕೊಳ್ಳುತ್ತದೆ, ಮತ್ತೆ ಟ್ಯಾಪ್ ಹಾಕಿ ಮರೆ ಬಿಡಿಸಬೇಕು. ಸ್ಪ್ರಿಂಗ್ ಪಟ್ಟಿ, ಹೈ ಟೆನ್ಸೈಲ್ ಬೋಲ್ಟ್ ಇಂಥವನ್ನು ಫ್ರೇಮಿನ ಜೊತೆ ತೊಟ್ಟಿಗೆ ಕಳಿಸಬೇಡಿ. ಆಮ್ಲದಲ್ಲಿ ಹುಟ್ಟುವ ಹೈಡ್ರೋಜನ್ ಗಟ್ಟಿ ಉಕ್ಕಿನೊಳಗೆ ಸೇರಿ ಅದನ್ನು ಪೆಡಸು ಮಾಡುತ್ತದೆ, ಮುರಿದಾಗಲೇ ಗೊತ್ತಾಗುವುದು. ಗ್ಯಾಲ್ವನೈಸ್ ಆದ ಮೇಲೆ ಮರೆತ ಕ್ಲಾಂಪೊಂದನ್ನು ವೆಲ್ಡ್ ಮಾಡೋಣ ಅಂತಲೂ ಹೋಗಬೇಡಿ. ಸತುವಿನ ಬಿಳಿ ಹೊಗೆ ಕುಡಿದರೆ ಕೆಲವು ಗಂಟೆಗಳಲ್ಲಿ ಚಳಿ ಜ್ವರ ಬರುತ್ತದೆ. ಕಾಯಿಸಿದ ಜಾಗದ ಸತುವೂ ಸುಟ್ಟುಹೋಗುತ್ತದೆ.

ಮೇಲೆ ಬಣ್ಣ ಬೇಕು ಅನ್ನುವವರು ಒಂದು ತಪ್ಪು ಮಾಡುತ್ತಾರೆ. ಗ್ಯಾಲ್ವನೈಸ್ ಮೇಲೆ ನೇರವಾಗಿ ಸಾದಾ ಎನಾಮಲ್ ಹೊಡೆಯುತ್ತಾರೆ. ಆ ಪೇಂಟಿನ ಎಣ್ಣೆಯ ಅಂಶ ಸತುವಿನ ಜೊತೆ ಸೇರಿ ಸಾಬೂನಿನಂಥ ಪದರವಾಗುತ್ತದೆ, ಪೇಂಟ್ ಸುಲಿದು ಬರುತ್ತದೆ. ಅದಕ್ಕೆ ಮೈ ಸ್ವಲ್ಪ ಒರಟು ಮಾಡಿ, ಸತುವಿಗೇ ಹೊಂದುವ ಪ್ರೈಮರ್ ಹಾಕಬೇಕು.

ಈಗ ನಮ್ಮ ಫ್ರೇಮಿನ ಕಥೆಗೆ ಬರುತ್ತೇನೆ. ಗ್ಯಾಲ್ವನೈಸ್ ಆಗಲ್ಲ ಅಂದ ಮೇಲೆ ಉಳಿದದ್ದು ಪೌಡರ್ ಕೋಟಿಂಗ್ ಅಥವಾ ಎಪಾಕ್ಸಿ, ಅಂದರೆ ಪೇಂಟಿನ ಡಬ್ಬಿಗೆ ಅದನ್ನು ಗಟ್ಟಿ ಮಾಡುವ ಹಾರ್ಡನರಿನ ಡಬ್ಬಿ ಬೆರೆಸಿ ಹೊಡೆಯುವ ಎರಡು ಡಬ್ಬಿಯ ಪೇಂಟ್. ಪೌಡರ್ ಕೋಟಿಂಗ್ ನನಗೆ ಬಹಳ ಇಷ್ಟ, ಕುರ್ಚಿಗೆ, ಗೇಟಿಗೆ. ಪುಡಿಯನ್ನು ಎರಚಿ, ಸುಮಾರು 180ರಿಂದ 200 ಡಿಗ್ರಿಯ ಒಲೆಯಲ್ಲಿ ಬೇಯಿಸಿದಾಗ ಗಟ್ಟಿಯಾದ, ಒಂದೇ ಸಮನಾದ ಮೈ ಬರುತ್ತದೆ. ಆದರೆ ಟ್ರೇಲರಿನ ಮುಂಭಾಗಕ್ಕೆ ಕಲ್ಲು ಸಿಡಿದು ಒಂದು ಚುಕ್ಕೆಯಷ್ಟು ಚಕ್ಕೆ ಎದ್ದರೆ, ಅಲ್ಲಿಂದ ನೀರು ಒಳಗೆ ಹರಿದು ಹೊದಿಕೆಯ ಅಡಿಯಲ್ಲೇ ತುಕ್ಕು ಹಬ್ಬುತ್ತದೆ. ಹೊರಗೆ ಹೊಳಪು ಹಾಗೇ ಇರುತ್ತದೆ. ಮನೆಯಲ್ಲಿ ಸರಿಮಾಡಲು ಸುಲಭವೂ ಅಲ್ಲ. ಅಡಿಯಲ್ಲಿ ಸತುವಿನ ಪ್ರೈಮರ್ ಪೌಡರ್ ಹಾಕಿಸುವುದಾದರೆ ಮಾತು ಬೇರೆ. ಸಾದಾ ಒಂದೇ ಪದರ ಆದರೆ ನಾನು ಬೇಡ ಅನ್ನುತ್ತೇನೆ. ಪಿಕಪ್ ಗಾಡಿಯ ತೊಟ್ಟಿಗೆ ಹೊಡೆಯುವ ದಪ್ಪ ರಬ್ಬರಿನಂಥ ಲೇಪನದ ಬಗ್ಗೆಯೂ ಇದೇ ಭಯ. ಪೆಟ್ಟು ತಡೆಯುವುದರಲ್ಲಿ ಅದಕ್ಕೆ ಎದುರಿಲ್ಲ, ಆದರೆ ಅಡಿಯಲ್ಲಿ ಏನಾಗುತ್ತಿದೆ ಅಂತ ಅದು ತೋರಿಸುವುದೇ ಇಲ್ಲ. ಮೇಲಿನ ಹಲಗೆಗೆ ಇರಲಿ, ಫ್ರೇಮಿಗೆ ಬೇಡ.

ಕೊನೆಗೆ ಎಪಾಕ್ಸಿ ಪ್ರೈಮರ್ ಎರಡು ಕೋಟ್, ಅದರ ಮೇಲೆ ಪಿಯು, ಅಂದರೆ ಪಾಲಿಯುರೆಥೇನ್ ಪೇಂಟ್, ಒಂದು ಕೋಟ್ ಅಂತ ತೀರ್ಮಾನಿಸಿದೆವು. ಎಪಾಕ್ಸಿ ಉಕ್ಕನ್ನು ಚೆನ್ನಾಗಿ ಹಿಡಿಯುತ್ತದೆ, ನೀರನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಬಿಸಿಲು ತಡೆಯುವುದಿಲ್ಲ. ಕೆಲವು ತಿಂಗಳು ಬಿಸಿಲಿಗೆ ಬಿಟ್ಟರೆ ಬೆರಳಿಗೆ ಸುಣ್ಣದ ಪುಡಿಯಂತೆ ಹತ್ತುತ್ತದೆ. ಪಿಯು ಬಿಸಿಲು ತಡೆಯುತ್ತದೆ. ಎರಡೂ ಒಂದಕ್ಕೊಂದು ಬೇಕು.

ಪೇಂಟ್ ಹೊಡೆದದ್ದು ಎರಡು ದಿನ. ಅದಕ್ಕೆ ಮುಂಚೆ ಮೈ ತಯಾರು ಮಾಡಿದ್ದು ಒಂಬತ್ತು ದಿನ. ಯಾವ ಕಂಪನಿಯ ಡಬ್ಬಿ ಅಂತ ಜನ ಕೇಳುತ್ತಾರೆ, ಈ ಒಂಬತ್ತು ದಿನದ ಬಗ್ಗೆ ಯಾರೂ ಕೇಳುವುದಿಲ್ಲ.

ಮೊದಲು ಜಿಡ್ಡು. ಗ್ರೈಂಡರ್ ಕೈಗೆತ್ತಿಕೊಳ್ಳುವ ಮುಂಚೆಯೇ ಜಿಡ್ಡು ತೆಗೆಯಬೇಕು. ಇಲ್ಲದಿದ್ದರೆ ಡಿಸ್ಕ್ ಆ ಎಣ್ಣೆಯನ್ನೇ ಉಕ್ಕಿನ ಗೀರುಗಳ ಒಳಗೆ ತಿಕ್ಕಿ ಕೂರಿಸುತ್ತದೆ. ಒಂದು ಕೈಯಲ್ಲಿ ಥಿನ್ನರ್ ಬಟ್ಟೆ, ಇನ್ನೊಂದು ಕೈಯಲ್ಲಿ ಒಣ ಬಟ್ಟೆ. ಥಿನ್ನರ್ ಆರುವ ಮುಂಚೆ ಒಣ ಬಟ್ಟೆಯಲ್ಲಿ ಒರೆಸಿದರೆ ಮಾತ್ರ ಜಿಡ್ಡು ಹೊರಗೆ ಬರುತ್ತದೆ. ಅಲ್ಲೇ ಆರಲು ಬಿಟ್ಟರೆ ಜಿಡ್ಡು ಜಾಗ ಬದಲಿಸುತ್ತದೆ ಅಷ್ಟೇ.

ಆಮೇಲೆ ಮಿಲ್ ಸ್ಕೇಲ್. ಬ್ಲಾಸ್ಟಿಂಗ್, ಅಂದರೆ ಗಾಳಿಯ ರಭಸದಲ್ಲಿ ಒರಟು ಕಾಳು ಎರಚಿ ಮೈ ಚೊಕ್ಕ ಮಾಡುವುದು, ಮಾಡಿಸಿದರೆ ಅತ್ಯುತ್ತಮ. ಪೇಂಟಿನ ಕಾಗದಗಳಲ್ಲಿ ಎಸ್‌ಎ 2½ ಅಂತ ಬರೆದಿರುತ್ತದೆ, ಸ್ಕೇಲ್, ತುಕ್ಕು ಎಲ್ಲ ಹೋಗಿ ಬರೀ ಅಲ್ಲಲ್ಲಿ ಮಸುಕು ಕಲೆ ಮಾತ್ರ ಉಳಿದ ಮೈ ಅಂತ ಅದರ ಅರ್ಥ. ಆದರೆ ಸಾದಾ ಮರಳಿನಲ್ಲಿ ಯಾರೂ ಮಾಡಬೇಡಿ, ಮಾಡಿಸಲೂ ಬೇಡಿ. ಆ ಧೂಳಿನ ಸಿಲಿಕಾ ಶ್ವಾಸಕೋಶವನ್ನು ಹಾಳು ಮಾಡುತ್ತದೆ, ಅದಕ್ಕೆ ವಾಸಿಯಿಲ್ಲ. ಅದರ ಬದಲು ಉಕ್ಕಿನ ಕಾಳು (ಗ್ರಿಟ್), ಗಾರ್ನೆಟ್ ಕಲ್ಲಿನ ಕಾಳು ಇವೆ. ನಾವು ಗ್ರೈಂಡರಿಗೆ ಹಾಕುವ, ಎಮರಿ ಪಟ್ಟಿಗಳ ಫ್ಲ್ಯಾಪ್ ಡಿಸ್ಕಿನಲ್ಲೇ ಇಡೀ ಫ್ರೇಮ್ ಉಜ್ಜಿದೆವು. ನೀಲಿ ಹೋಗಿ ಬೆಳ್ಳಿಯ ಬಣ್ಣ ಬರುವವರೆಗೆ. ತಂತಿ ಬ್ರಷ್ ಹಾಕಿದರೆ ಸ್ಕೇಲ್ ಹೋಗುವುದಿಲ್ಲ, ಸುಮ್ನೆ ಪಾಲಿಶ್ ಆಗುತ್ತದೆ. ಹೋಗಿದೆ ಅಂತ ಮೋಸ ಹೋಗಬೇಡಿ.

ವೆಲ್ಡಿಂಗ್ ಸುತ್ತ ಸಿಡಿದ ಸ್ಪ್ಯಾಟರ್ ಕಾಳುಗಳನ್ನು ಒಂದೊಂದಾಗಿ ಉಜ್ಜಿ ತೆಗೆದೆವು. ಆಂಗಲ್ ಮತ್ತು ಪ್ಲೇಟುಗಳ ಅಂಚನ್ನೆಲ್ಲ ಉಜ್ಜಿ ಗುಂಡಗೆ ಮಾಡಿದೆವು. ಚೂಪಾದ ಅಂಚಿನಲ್ಲಿ ಹಸಿ ಪೇಂಟ್ ನಿಲ್ಲುವುದಿಲ್ಲ, ಎರಡೂ ಕಡೆಗೆ ಹಿಂದೆ ಸರಿಯುತ್ತದೆ. ನಿಮ್ಮ ಮನೆಯ ಯಾವುದಾದರೂ ಹಳೆಯ ಕಬ್ಬಿಣದ ಸ್ಟ್ಯಾಂಡ್ ನೋಡಿ, ತುಕ್ಕು ಶುರುವಾಗಿರುವುದು ಅಂಚಿನಲ್ಲೇ. ಸುಮಾರು 2 ಮಿ.ಮೀ. ದುಂಡು ಬಂದರೆ ಸಾಕು, ಪೇಂಟ್ ಅಲ್ಲಿ ತೆಳುವಾಗದೆ ಕೂರುತ್ತದೆ.

ಪೂರ್ತಿ ತೆಗೆಯಲು ಆಗದ ಎರಡು ಮೂಲೆಗಳಿದ್ದವು. ಅಲ್ಲಿ ಮಾತ್ರ ತುಕ್ಕು ಪರಿವರ್ತಕ ಹಚ್ಚಿದೆವು. ಅದರಲ್ಲಿರುವ ಟ್ಯಾನಿಕ್ ಆಮ್ಲ ತುಕ್ಕನ್ನು ಕಪ್ಪು ಪದರವಾಗಿ ಬದಲಿಸುತ್ತದೆ. ಗಟ್ಟಿಯಾಗಿ ಹಿಡಿದ ತೆಳು ತುಕ್ಕಿಗೆ ಮಾತ್ರ ಅದು. ಚಕ್ಕೆ ಏಳುವ ತುಕ್ಕಿನ ಮೇಲೆ ಎಷ್ಟು ಸುರಿದರೂ ದಂಡ.

ಉಜ್ಜಿದ ಉಕ್ಕನ್ನು ರಾತ್ರಿ ಹಾಗೇ ಬಿಡಬಾರದು. ಬೆಳಗ್ಗೆ ಎದ್ದು ನೋಡಿದರೆ ಮೇಲೆ ಹಳದಿ ಮಸುಕು ಬಂದಿರುತ್ತದೆ. ನಾವು ಫ್ರೇಮನ್ನು ಭಾಗ ಮಾಡಿಕೊಂಡು, ಅವತ್ತು ಉಜ್ಜಿದ್ದಕ್ಕೆ ಅವತ್ತೇ ಪ್ರೈಮರಿನ ತೆಳು ಕೋಟ್ ಕೊಟ್ಟು ಹೋದೆವು. ಗಾಳಿಯಲ್ಲಿ ತೇವ ಶೇ 85ಕ್ಕಿಂತ ಜಾಸ್ತಿ ಇದ್ದ ದಿನ ಡಬ್ಬಿ ತೆರೆಯಲೇ ಇಲ್ಲ. ಉಕ್ಕಿನ ಬಿಸಿ, ಇಬ್ಬನಿ ಕೂರುವ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ಬೆಳಗಿನ ಜಾವ ಪೈಪ್ ಮುಟ್ಟಿದರೆ ತಣ್ಣಗೆ, ಒಣಗಿದಂತೆ ಇರುತ್ತದೆ, ಆದರೂ ಕಣ್ಣಿಗೆ ಕಾಣದ ತೇವ ಅಲ್ಲಿ ಕೂತಿರಬಹುದು.

ಪೂರ್ತಿ ಫ್ರೇಮಿಗೆ ಕೋಟ್ ಹೊಡೆಯುವ ಮುಂಚೆ ಒಂದು ಇಂಚಿನ ಬ್ರಷ್ ಹಿಡಿದು ಎಲ್ಲ ವೆಲ್ಡ್ ಮೇಲೆ, ಅಂಚಿನ ಮೇಲೆ, ಬೋಲ್ಟ್ ತೂತುಗಳ ಒಳಗೆ ಪ್ರೈಮರ್ ಹಚ್ಚಿದೆ. ಇದಕ್ಕೆ ಸ್ಟ್ರೈಪ್ ಕೋಟ್ ಅನ್ನುತ್ತಾರೆ. ಇದು ನನ್ನ ಪಾಲಿನ ಕೆಲಸವಾಗಿತ್ತು. ಅಂಗಾತ ಮಲಗಿ, ಕೈಕನ್ನಡಿ ಹಿಡಿದು, ಅಡ್ಡಪಟ್ಟಿಯ ಹಿಂಬದಿಯ ವೆಲ್ಡ್ ಕಾಣುವ ಹಾಗೆ ಟಾರ್ಚ್ ತಿರುಗಿಸಿ, ಬ್ರಷ್ಷಿನ ತುದಿಯನ್ನು ವೆಲ್ಡಿನ ಅಲೆ ಅಲೆಯ ನಡುವೆ ಕುತ್ತಿ ಕುತ್ತಿ ತುಂಬಿಸಬೇಕು. ಕನ್ನಡಿಯಲ್ಲಿ ನೋಡಿದಾಗ ಸೂಜಿಮೊನೆಯಷ್ಟು ತೂತುಗಳು ಕಂಡವು. ಒಂದು ಕಡೆ ಪೇಂಟ್ ಉಬ್ಬಿ ಗುಳ್ಳೆ ಬಂದು ಒಡೆಯಿತು, ಅಲ್ಲಿ ಗಾಳಿ ಇತ್ತು. ತಮ್ಮ ಅದನ್ನು ಉಜ್ಜಿ, ಮತ್ತೆ ವೆಲ್ಡ್ ಮಾಡಿ ಮುಚ್ಚಿದ. ಸ್ಪ್ರೇ ಮಾಡಿದ್ದರೆ ಆ ತೂತಿನ ಮೇಲೆ ಹೊದಿಕೆ ಹಾಸಿ ಮುಂದೆ ಹೋಗುತ್ತಿದ್ದೆವು.

ಎರಡು ಕೋಟಿಗೆ ಎರಡು ಬಣ್ಣ ತೆಗೆದುಕೊಂಡೆವು, ಮೊದಲನೆಯದು ಕೆಂಪು, ಎರಡನೆಯದು ಬೂದಿ. ಎಲ್ಲಿ ಬಿಟ್ಟುಹೋಗಿದೆ ಅಂತ ತಕ್ಷಣ ಕಾಣುತ್ತದೆ. ಪಿಯು ಕೂಡ ತಿಳಿ ಬೂದಿಯೇ. ಕಪ್ಪು ಬಣ್ಣ ಅಂದವಾಗಿರುತ್ತದೆ ನಿಜ, ಆದರೆ ತಿಳಿ ಬಣ್ಣದ ಮೇಲೆ ತುಕ್ಕಿನ ಮೊದಲ ಗೀಟು ದೂರದಿಂದಲೇ ಗೊತ್ತಾಗುತ್ತದೆ.

ಎರಡು ಡಬ್ಬಿಯ ಪೇಂಟನ್ನು ಕಣ್ಣಂದಾಜಿನಲ್ಲಿ ಬೆರೆಸಬಾರದು. ಹಾರ್ಡನರ್ ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಅನ್ನುವುದು ತಪ್ಪು ಲೆಕ್ಕ, ಅಳತೆ ತಪ್ಪಿದರೆ ಅದು ಎಂದಿಗೂ ಸರಿಯಾಗಿ ಕೂರುವುದಿಲ್ಲ. ಬೆರೆಸಿದ ಮೇಲೆ ಇಷ್ಟು ಹೊತ್ತಿನೊಳಗೆ ಬಳಸಬೇಕು ಅಂತ ಇರುತ್ತದೆ. ಒಂದು ಕೋಟ್ ಆದ ಮೇಲೆ ಇಷ್ಟು ಹೊತ್ತಿನೊಳಗೆ ಮುಂದಿನ ಕೋಟ್ ಅಂತಲೂ ಇರುತ್ತದೆ. ಆ ಹೊತ್ತು ದಾಟಿದರೆ ಎಪಾಕ್ಸಿಯ ಮೈ ಎಷ್ಟು ಗಟ್ಟಿಯಾಗುತ್ತದೆ ಅಂದರೆ ಮೇಲಿನ ಕೋಟ್ ಅದನ್ನು ಹಿಡಿಯುವುದಿಲ್ಲ, ಎಮರಿ ಹಾಳೆಯಲ್ಲಿ ಒರಟು ಮಾಡಿಯೇ ಮುಂದುವರಿಯಬೇಕು. ಇಷ್ಟು ಮುಖ್ಯವಾದ ಮಾತುಗಳನ್ನು ಡಬ್ಬಿಯ ಮೇಲೆ ಇರುವೆ ಗಾತ್ರದ ಅಕ್ಷರದಲ್ಲಿ ಛಾಪಿಸಿರುತ್ತಾರೆ, ಅದೂ ಬಳಿಯುವವನಿಗೆ ಗೊತ್ತಿಲ್ಲದ ಭಾಷೆಯಲ್ಲಿ. ಪೇಂಟ್ ತಯಾರಿಸುವವರು ಇದನ್ನು ಓದಿದರೆ ದಯವಿಟ್ಟು ಗಮನಿಸಲಿ. ಬೆರೆಸುವ ಅಳತೆ, ಬಳಸುವ ಹೊತ್ತು, ಮುಂದಿನ ಕೋಟಿನ ಹೊತ್ತು. ಈ ಮೂರನ್ನು ದೊಡ್ಡ ಅಕ್ಷರದಲ್ಲಿ, ಜನರ ಭಾಷೆಯಲ್ಲಿ ಹಾಕಲಿ.

ಪಿಯು ಬಗ್ಗೆ ಕೈ ಮುಗಿದು ಹೇಳುತ್ತೇನೆ. ಅದರ ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ. ಸ್ಪ್ರೇ ಮಾಡುವಾಗ ಆ ಮಂಜನ್ನು ಉಸಿರಾಡಿದರೆ ಆಸ್ತಮಾ ಬರಬಹುದು, ಒಮ್ಮೆ ಮೈಗೆ ಅದು ಒಗ್ಗದಂತಾದರೆ ಆಮೇಲೆ ಅದು ಸ್ವಲ್ಪ ತಗುಲಿದರೂ ಮೈ ತಡೆಯದು. ಬಟ್ಟೆ ಕಟ್ಟಿಕೊಂಡರೆ, ಧೂಳಿನ ಮಾಸ್ಕ್ ಹಾಕಿಕೊಂಡರೆ ಏನೂ ಪ್ರಯೋಜನವಿಲ್ಲ. ಹೊರಗಿನ ಶುದ್ಧ ಗಾಳಿ ಕೊಳವೆಯಲ್ಲಿ ಬರುವ ಮುಖವಾಡ ಇಲ್ಲದೆ ಸ್ಪ್ರೇ ಮಾಡಬೇಡಿ. ನಮ್ಮಲ್ಲಿ ಅದು ಇರಲಿಲ್ಲ. ಹಾಗಾಗಿ ಬಯಲಲ್ಲಿ, ಕೈಗವಸು ಹಾಕಿ, ಬ್ರಷ್ ಮತ್ತು ರೋಲರಿನಲ್ಲೇ ಹೊಡೆದೆವು. ಬ್ರಷ್ ಗೀರು ಕಾಣುತ್ತದೆ. ಕಾಣಲಿ.

ಪೇಂಟ್ ಬೀಳಬಾರದ ಜಾಗಗಳೂ ಇವೆ, ಇದು ಜೀವದ ಪ್ರಶ್ನೆ. ಚಕ್ರ ಕೂರುವ ಹಬ್ಬಿನ ಮುಖ, ವೀಲ್ ನಟ್ ಕೂರುವ ಜಾಗ, ಬಿಗಿಯಾಗಿ ಕೂರಬೇಕಾದ ಬೋಲ್ಟ್ ಜಾಯಿಂಟ್. ಅಲ್ಲಿ ದಪ್ಪ ಪೇಂಟ್ ಸಿಕ್ಕಿಕೊಂಡರೆ ಓಡಾಟದಲ್ಲಿ ಅದು ಹಿಂಡಿ ತೆಳುವಾಗುತ್ತದೆ, ನಟ್ ಸಡಿಲವಾಗುತ್ತದೆ. ಮುಂಚೆಯೇ ಟೇಪ್ ಅಂಟಿಸಿ. ಲೈಟಿನ ಅರ್ತ್ ವೈರ್ ಕೂರುವ ಜಾಗವೂ ಬರಿಯ ಲೋಹವಾಗಿರಬೇಕು. ವೈರ್ ಬಿಗಿದ ಮೇಲೆ ಗ್ರೀಸ್ ಹಚ್ಚಿ.

ಮುಚ್ಚಿದ ಪೈಪಿನ ಒಳಗಿನ ಕಥೆ ಏನು? ಪೂರ್ತಿ ವೆಲ್ಡ್ ಮಾಡಿ ಗಾಳಿಯಾಡದಂತೆ ಮುಚ್ಚಿದ ಪೈಪಿನೊಳಗೆ ಇರುವ ಆಮ್ಲಜನಕ ಮುಗಿದರೆ ತುಕ್ಕೂ ನಿಲ್ಲುತ್ತದೆ. ಅಪಾಯ ಇರುವುದು ಅರೆಬರೆ ಮುಚ್ಚಿದ ಪೈಪಿನಲ್ಲಿ. ಹಲಗೆ ಕೂರಿಸಲು ಒಂದು ಬೋಲ್ಟ್ ತೂತು ಕೊರೆದಿದ್ದೇವೆ ಅನ್ನಿ. ಬಿಸಿಲಿಗೆ ಗಾಳಿ ಹೊರಗೆ, ರಾತ್ರಿ ಒದ್ದೆ ಗಾಳಿ ಒಳಗೆ, ಹೀಗೆ ಪೈಪ್ ಉಸಿರಾಡುತ್ತಲೇ ಇರುತ್ತದೆ, ನೀರು ಮಾತ್ರ ಒಳಗೇ ಉಳಿಯುತ್ತದೆ. ಅಂಥ ಪೈಪುಗಳಿಗೆ ನಾವು ಎಲ್ಲಕ್ಕಿಂತ ತಗ್ಗಿನ ಜಾಗದಲ್ಲಿ, ಭಾರ ಬೀಳದ ಕಡೆ ನೀರಿಳಿಯುವ ತೂತು ಕೊರೆದು, ಉದ್ದ ನಳಿಕೆಯಲ್ಲಿ ಒಳಗೆಲ್ಲ ಮೇಣದ ಲೇಪನ ಚಿಮ್ಮಿಸಿದೆವು. ಎರಡು ಪ್ಲೇಟ್ ಸೇರುವ ಸಂದುಗಳಿಗೆ ಸೀಲಂಟ್ ತುಂಬಿದೆವು. ಮರದ ಹಲಗೆ ಮತ್ತು ಫ್ರೇಮಿನ ನಡುವೆ ರಬ್ಬರ್ ಪಟ್ಟಿ ಇಟ್ಟೆವು. ಒದ್ದೆ ಮರ ದಿನಗಟ್ಟಲೆ ಉಕ್ಕಿಗೆ ಒತ್ತಿಕೊಂಡಿದ್ದರೆ ಯಾವ ಪೇಂಟಿಗೂ ಕಷ್ಟ.

ಇದೆಲ್ಲ ಆಗಿ ಆರು ವರ್ಷವಾಯಿತು. ಟ್ರೇಲರ್ ವಾರಕ್ಕೆ ಎರಡು ಮೂರು ಸಲ ಹೊರಗೆ ಹೋಗುತ್ತದೆ. ಮಡ್‌ಗಾರ್ಡ್ ಒಳಗಡೆ, ಡ್ರಾಬಾರ್ ಮುಂದೆ ಕಲ್ಲಿನ ಪೆಟ್ಟು ಬಿದ್ದೇ ಬೀಳುತ್ತದೆ. ಕಂಡ ವಾರವೇ ಉಜ್ಜಿ, ಎಪಾಕ್ಸಿ ಮುಟ್ಟಿಸಿ, ಮೇಲೆ ಬಣ್ಣ ಹಚ್ಚುತ್ತೇನೆ. ಕೆಸರಿನ ದಾರಿಯಲ್ಲಿ ಹೋಗಿಬಂದ ದಿನ ಮೇಲ್ಭಾಗ ತೊಳೆಯದಿದ್ದರೂ ಅಡಿಭಾಗ ತೊಳೆಯುತ್ತೇನೆ. ಹಳೆಯ ಗುಳ್ಳೆ ಬಂದಿದ್ದ ಆ ಅಡ್ಡಪಟ್ಟಿಯ ಅಡಿಯಲ್ಲಿ ಈಗಲೂ ಕೈ ಆಡಿಸಿ ನೋಡುತ್ತೇನೆ. ನುಣ್ಣಗಿದೆ.

ನಿಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಮುಂದೆ ಯಾರಾದರೂ ಮನೆಯಲ್ಲಿ ಮಾಡಿದ ಟ್ರೇಲರ್ ಬಗ್ಗೆ ಬರೆದು ಕಳಿಸಿದರೆ, ಪೇಂಟ್ ಹೊಡೆಯುವ ಮುಂಚಿನ ಒಂದು ಫೋಟೊವನ್ನೂ ಕೇಳಿ. ಸಾಧ್ಯವಾದರೆ ಎರಡು ಮೂರು ವರ್ಷದ ಮೇಲೆ ಅದೇ ಟ್ರೇಲರಿನ ಅಡಿಭಾಗದ ಫೋಟೊ ಹಾಕಿ. ಓದುವವರಿಗೆ ಅದರಿಂದ ಆಗುವ ಉಪಯೋಗ ದೊಡ್ಡದು.

ಮೊನ್ನೆ ತಮ್ಮ ಹೊಸ ಟ್ರೇಲರಿನ ಚಿತ್ರ ತಂದು ತೋರಿಸಿದ. ಇದನ್ನು ಗ್ಯಾಲ್ವನೈಸ್ ಮಾಡಿಸುವುದು ಅಂತ ಮೊದಲೇ ಮಾತಾಗಿದೆ. ಉದ್ದ, ಅಗಲ ಇನ್ನೂ ಪೆನ್ಸಿಲ್‌ನಲ್ಲೇ ಇತ್ತು. ಗಾಳಿಯ ತೂತು, ಸತು ಇಳಿಯುವ ತೂತುಗಳಿಗೆ ಮಾತ್ರ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು